ಹಿಮದ ಠಾಣೆಯೂ ಚಿಕ್ಕಮ್ಮನ ಮನೆಯೂ

ದೇಶದ ರಕ್ಷಣಾ ನೀತಿ ಹೇಗಿರಬೇಕೆಂದು ಅಧ್ಯಯನ ಮಾಡಿ ಸರ್ಕಾರಕ್ಕೆ ಸಲಹೆ ಬರೆದುಕೊಡುವುದು ದೆಹಲಿಯಲ್ಲಿ ನನ್ನ ಕೆಲಸ. ಇದನ್ನು ಹಾಸನದ ನಮ್ಮ ನೆಂಟರಿಗೆ ಹೇಳಿ ಹೇಳಿ ಸಾಕಾಗಿಹೋಗಿದೆ. ಅವರ ಪಾಲಿಗೆ ನಾನು ಮಿಲಿಟರಿಯ ದೊಡ್ಡ ಆಫೀಸರ್. ಹೊಳೆನರಸೀಪುರದಲ್ಲಿ ಮದುವೆಗೆ ಹೋದರೆ ಊಟದ ಎಲೆಯ ಮುಂದೆಯೇ ಒಬ್ಬರು, "ನಮ್ಮುಡುಗನ್ನ ಸೇರಿಸ್ಬುಡವ್ವ, ನಿನ್ನೊಂದು ಮಾತು ಸಾಕು" ಅನ್ನುತ್ತಾರೆ. ಇನ್ನೊಬ್ಬರಿಗೆ ಅಳಿಯನ ವರ್ಗಾವಣೆ ಆಗಬೇಕು. ಅಯ್ಯೋ ರಾಮ, ನನ್ನ ಮಾತಿಗೆ ನಮ್ಮ ಆಫೀಸಿನ ಕ್ಯಾಂಟೀನಿನವನೂ ಬೆಲೆ ಕೊಡುವುದಿಲ್ಲ!

ಕಳೆದ ಚಳಿಗಾಲದಲ್ಲಿ ಶಾಂತಿಗ್ರಾಮದ ಚಿಕ್ಕಮ್ಮ ಕೇಳಿದಾಗ ಮಾತ್ರ ನಗು ಬರಲಿಲ್ಲ. ಹಾಸನದಲ್ಲಿ ಕಾಲೇಜು ಓದುವಾಗ ನಾನಿದ್ದದ್ದು ಅವಳ ಮನೆಯಲ್ಲೇ. ಡೇರಿಗೆ ಹಾಲು ಹಾಕಿ ಬಂದವಳು ಕೂರದೆ ನನಗೆ ರೊಟ್ಟಿ ತಟ್ಟಿಕೊಡುತ್ತಿದ್ದಳು. ಅವಳ ಒಬ್ಬನೇ ಮಗ ಈಗ ಸೈನಿಕ, ಗಡಿಯ ಹಿಮದ ಠಾಣೆಯೊಂದರಲ್ಲಿದ್ದಾನೆ.

"ಅಲ್ಲಿ ಉಸಿರಾಡಕ್ಕೂ ಆಗಕಿಲ್ವಂತೆ ಕಣವ್ವ. ನಿನ್ ಮಾತು ಡೆಲ್ಲೀಲಿ ನಡೀತದೆ. ಅವನ್ನ ಕೆಳಕ್ಕಿಳಿಸ್ಬುಡು" ಎಂದು ನನ್ನ ಕೈ ಹಿಡಿದುಕೊಂಡಳು.

ನೋಡೋಣ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಆಗ ನಾನು ಬರೆಯುತ್ತಿದ್ದ ವರದಿ ಅಂಥ ಠಾಣೆಗಳದ್ದೇ. ಅನ್ನ ಹಾಕಿದವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಚಿಕ್ಕಮ್ಮ, ಇಳಿಸೋ ಅಧಿಕಾರ ನನಗಿಲ್ಲ. ಅಲ್ದೆ, ಚಳಿಗಾಲದಲ್ಲೂ ಆ ಠಾಣೆಗಳನ್ನ ಖಾಲಿ ಮಾಡಬಾರದು ಅಂತ ಬರೀತಿರೋಳೇ ನಾನು."

ಅವಳ ಹಿಡಿತ ಸಡಿಲವಾಯಿತು. "ನಿನ್ ತಮ್ಮ ಅಲ್ಲವ್ನೆ ಅಂತ ಗೊತ್ತಿದ್ದೂ ಬರೀತಿದ್ದೀಯಾ?"

"ಗೊತ್ತಿದ್ದೇ. ಈಗ ಬಿಟ್ಟು ಬಂದ್ರೆ ಆ ಕಡೆಯವರು ಬಂದು ಕೂರ್ತಾರೆ, ಮತ್ತೆ ಹತ್ತಿ ಹಿಡಿಯೋವಾಗ ಎಷ್ಟು ಮಕ್ಕಳು ಸಾಯ್ತಾರೋ ಚಿಕ್ಕಮ್ಮ."

"ಊರ್ ಮಕ್ಳ ಇಸ್ಯ ನಂಗ್ಯಾಕೆ ಏಳ್ತೀಯೆ? ನಂಗಿರೋನು ಒಬ್ನೇ!"

ದೆಹಲಿಗೆ ಮರಳಿ ವರದಿಯ ಆ ಪುಟದ ಮುಂದೆ ಕೂತು ಅತ್ತುಬಿಟ್ಟೆ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಆ ಸಲಹೆಯನ್ನು ಕೈಬಿಡಲು ಕಾರಣ ಹುಡುಕಿದೆ. ತಮ್ಮ ಅಲ್ಲಿದ್ದಾನೆ ಅನ್ನುವುದನ್ನು ಬಿಟ್ಟರೆ ಒಂದೂ ಸಿಗಲಿಲ್ಲ. ಅವನ ಪಕ್ಕದಲ್ಲಿ ನಿಂತವರಿಗೂ ಅಕ್ಕಂದಿರಿದ್ದಾರೆ. ಒಂದಕ್ಷರವನ್ನೂ ಬದಲಿಸದೆ ವರದಿ ಕೊಟ್ಟೆ. ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ.

ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡವೆಂದು ನಾನೇ ಫೋನ್ ಮಾಡಿದೆ.

"ಕೊಟ್ಬುಟ್ಯಾ?"

"ಕೊಟ್ಟೆ ಚಿಕ್ಕಮ್ಮ."

"ಸರಿ ಬುಡು. ಅವ್ನು ಬರೋಗಂಟ ನೀನು ಈ ಮನೆ ವಸ್ಲು ತುಳೀಬ್ಯಾಡ" ಎಂದು ಫೋನಿಟ್ಟಳು.

ಅವನಿನ್ನೂ ಬಂದಿಲ್ಲ. ನಾನೂ ಹೋಗಿಲ್ಲ.