ರೇಣುಕಾ ತುಂಬದೆ ಬಿಟ್ಟ ಫಾರಂ

ರೇಣುಕಾಳಿಗೆ ನಾನು ಸುಳ್ಳು ಹೇಳಿದೆ. ಬಾಯಿತಪ್ಪಿ ಬಂದ ಮಾತಲ್ಲ ಅದು. ಅವಳು ನನ್ನೆದುರು ಕೂತು ಕೇಳಿದಳು, ಸರಿಯಾದ ಉತ್ತರ ನನಗೆ ಗೊತ್ತಿತ್ತು, ಗೊತ್ತಿದ್ದೂ ತಪ್ಪು ಉತ್ತರ ಕೊಟ್ಟೆ. ಅವಳು ನಂಬಿದಳು. ನಂಬಿದ್ದರಿಂದ ನರ್ಸ್ ಆಗಲಿಲ್ಲ. ಇದಾಗಿ ಎಂಟು ವರ್ಷ. ಇವತ್ತಿಗೂ ನಂಬಿಕೊಂಡೇ ಇದ್ದಾಳೆ—ಅದನ್ನು ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ನಾನು ಓದಿದ್ದು ಮೈಸೂರಿನಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಲಂಡನ್ನಿಗೆ ಬಂದು ಮೂವತ್ತು ವರ್ಷ ಒಂದು ಆಸ್ಪತ್ರೆಯ ಬಟ್ಟೆಯ ಸ್ಟೋರಿನಲ್ಲಿ ದುಡಿದೆ. ಓದು ಕಡಿಮೆಯಾದರೂ ಸರ್ಕಾರಿ ಕಾಗದ ಓದುವುದರಲ್ಲಿ ನನಗೊಂದು ಚಪಲವಿತ್ತು. ಅಡಿಟಿಪ್ಪಣಿಯನ್ನೂ ಬಿಡುತ್ತಿರಲಿಲ್ಲ. ವೀಸಾ, ಕೌನ್ಸಿಲ್ ಮನೆ, ಪಿಂಚಣಿ, ಕಾಲೇಜು—ರೇನರ್ಸ್ ಲೇನಿನ ನಮ್ಮ ಫ್ಲ್ಯಾಟಿಗೆ ಜನ ಎಲ್ಲ ಬಗೆಯ ಅರ್ಜಿ ಹಿಡಿದು ಬರುತ್ತಿದ್ದರು. ಪಕ್ಕದ ಪಿನ್ನರ್‌ನ ಕನ್ನಡದ ಡಾಕ್ಟರುಗಳ ಮನೆಯ ಮಕ್ಕಳೂ ನನ್ನನ್ನು ‘ಫಾರಂ ಅಂಕಲ್’ ಎನ್ನುತ್ತಿದ್ದರು. ಡಾಕ್ಟರುಗಳ ನಡುವೆ ಮಡಿಸಿದ ಚಾದರ ಎಣಿಸಿದವನು ನಾನು. ಆ ಹೆಸರು ನನಗೆ ಎಷ್ಟು ಹಿತವಾಗಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆ.

ನನ್ನ ಹೆಂಡತಿ ಜಯಲಕ್ಷ್ಮಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋದವು. ಅವುಗಳ ಜೊತೆಗೆ ಇಂಗ್ಲಿಷೂ ಹೋಯಿತು. ನಲವತ್ತು ವರ್ಷ ಈ ಊರಿನ ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡಿದ ಭಾಷೆ ಪೂರ್ತಿ ಅಳಿಸಿಹೋಗಿ, ಅಷ್ಟಿಷ್ಟು ಕನ್ನಡ ಮಾತ್ರ ಉಳಿಯಿತು. ಇವಳನ್ನು ನೋಡಿಕೊಳ್ಳಲು ಊರಿನ ಕೌನ್ಸಿಲ್ ಕಳಿಸಿದ ಹುಡುಗಿಯರು ಒಳ್ಳೆಯವರೇ. ಆದರೆ ಅವರು “ಆರ್ ಯು ಓಕೆ, ಲವ್?” ಎಂದರೆ ಇವಳು ಹೆದರಿ ಗೋಡೆಯ ಕಡೆ ತಿರುಗುತ್ತಿದ್ದಳು.

ಆಗ ಅವರ ಬದಲು ಸಂಬಳಕ್ಕೆ ಬಂದವಳು ರೇಣುಕಾ. ಹಾವೇರಿ ಕಡೆಯವಳು. ಗಂಡ ಹೋಟೆಲಿನ ಅಡುಗೆಯವನು. ಮೂವರಿಗೂ ಇಲ್ಲಿ ಶಾಶ್ವತವಾಗಿ ನೆಲೆಸುವ ಅನುಮತಿ ಸಿಕ್ಕಿದ ವರ್ಷವೇ ಅವಳನ್ನೂ ಎಂಟು ವರ್ಷದ ಮಗಳು ಮೇಘನಾಳನ್ನೂ ಬಿಟ್ಟು ಬೇರೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ರೇಣುಕಾ ಹುಬ್ಬಳ್ಳಿಯಲ್ಲಿ ಒಂದು ವರ್ಷ ನರ್ಸಿಂಗ್ ಓದಿದ್ದಳು, ಮದುವೆಯಾಗಿ ನಿಂತಿತ್ತು. ಅವಳು ಗಂಜಿಯ ಬಟ್ಟಲು ಹಿಡಿದು, “ಕಾಕು, ಇದೊಂದು ತುತ್ತು ತಿನ್ರಿ. ಇಲ್ಲಾಂದ್ರ ನಿಮ್ಮ ಯಜಮಾನ್ರು ತಿಂದಬಿಡ್ತಾರ, ಮೊದ್ಲ ಹೊಟ್ಟಿ ನೋಡ್ರಿ ಅವರ್ದು” ಎನ್ನುವಳು. ಜಯಾ ಸೊಟ್ಟ ಬಾಯಲ್ಲೇ ನಗುವಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ತಿಂಗಳಾಗಿತ್ತು.

ಒಂದು ವರ್ಷ ಹೀಗೆ ಹೋಯಿತು. ಒಂದು ಮಧ್ಯಾಹ್ನ ಜಯಾಳಿಗೆ ಊಟ ಮಾಡಿಸಿ, ಕೈ ಒರೆಸಿಕೊಳ್ಳುತ್ತ ಬಂದ ರೇಣುಕಾ ನನ್ನ ಮುಂದೆ ಒಂದು ಫಾರಂ ಇಟ್ಟಳು. ಯಾರಿಗೂ ಹೇಳದೆ ಹತ್ತಿರದ ಕಾಲೇಜಿಗೆ ಹೋಗಿ ಬಂದಿದ್ದಳು. ನರ್ಸಿಂಗ್ ಪದವಿಗೆ ಸೇರುವ ಮೊದಲು, ಓದು ಬಿಟ್ಟು ಬಹಳ ವರ್ಷವಾದವರಿಗೆಂದೇ ಅಲ್ಲಿ ಒಂದು ವರ್ಷದ ಕೋರ್ಸಿತ್ತು. ಫೀಸಿಗೆ ಸಾಲ ಕೊಡುತ್ತಾರೆ; ಮುಂದೆ ಪದವಿ ಮುಗಿಸಿದರೆ ಆ ಸಾಲ ಮನ್ನಾ. ಬಸ್ಸಿಗೆ, ಪುಸ್ತಕಕ್ಕೆ, ಶಾಲೆ ಬಿಟ್ಟ ಮೇಲೆ ಮಗಳನ್ನು ನೋಡಿಕೊಳ್ಳುವವರಿಗೆ ಕಾಲೇಜೇ ಬರ್ಸರಿ ಎಂದು ಸಹಾಯಧನ ಕೊಡುತ್ತದೆ. ಅಲ್ಲಿನ ಹೆಂಗಸು ಎಲ್ಲವನ್ನೂ ವಿವರಿಸಿ ಹೇಳಿ ಕಳಿಸಿದ್ದಳು. ಆದರೂ ರೇಣುಕಾಳಿಗೆ ಒಂದು ಹೆದರಿಕೆ. ಅವಳ ಹಳೆಯ ವೀಸಾದ ಮೇಲೆ, ಸರ್ಕಾರದ ಸಹಾಯಧನ ಪಡೆಯುವಂತಿಲ್ಲ ಎಂದು ಬರೆದಿತ್ತು. ಐದು ವರ್ಷ ಆ ಸಾಲಿಗೆ ಅಂಜಿಕೊಂಡೇ ಬದುಕಿದ್ದಳು.

“ಕಾಕಾ, ಇದನ್ನ ತಗೊಂಡ್ರ ಮುಂದ ನಮ್ಮ ಬ್ರಿಟಿಷ್ ಪಾಸ್‌ಪೋರ್ಟಿಗೆ ಏನಾರ ತ್ರಾಸ ಆಗತೈತೇನ್ರಿ?”

ನಾನು ಫಾರಂ ಓದಿದೆ. ಎರಡನೆಯ ಪುಟದಲ್ಲೇ ಅಚ್ಚಾಗಿತ್ತು—ಇಲ್ಲಿ ಶಾಶ್ವತವಾಗಿ ನೆಲೆಸಲು ಅನುಮತಿ ಇದ್ದವರು ಅರ್ಜಿ ಹಾಕಬಹುದು. ನನ್ನ ಕನ್ನಡಕದ ಡಬ್ಬಿಯನ್ನು ಆ ಸಾಲಿನ ಮೇಲೆ ಇಟ್ಟೆ. ಹೌದು, ಇಟ್ಟೆ. ಕೈ ತಾನಾಗಿ ಹೋಯಿತು ಎಂದು ಬರೆಯಬಹುದು—ಹಾಗೆ ಬರೆಯುವುದಿಲ್ಲ.

“ಆಗಬಹುದಮ್ಮ,” ಅಂದೆ. “ಈಗ ಸರ್ಕಾರದ ದುಡ್ಡು ತೊಗೊಂಡ್ರೆ ನಾಳೆ ಪಾಸ್‌ಪೋರ್ಟ್ ಕೇಳೋವಾಗ ಅದೇ ಅಡ್ಡ ಬರುತ್ತೆ. ಮಗಳದೂ ನಿಂತುಹೋಗಬಹುದು.”

“ಕಾಲೇಜಿನಾಕಿ ಏನೂ ಆಗಂಗಿಲ್ಲ ಅಂದ್ಲಲ್ರೀ.”

“ಅವರಿಗೆ ಸೀಟು ತುಂಬಿದ್ರೆ ಸಾಕು. ವೀಸಾ ವಿಷಯ ಅವರಿಗೇನು ಗೊತ್ತು? ಪಾಸ್‌ಪೋರ್ಟ್ ಬರಲಿ, ಆಮೇಲೆ ಓದು. ಕಾಲೇಜೇನು ಓಡಿಹೋಗುತ್ತಾ?”

ಅವಳು ನಕ್ಕಳು. “ಚಲೋ ಆತು ನಿಮ್ಮನ್ನ ಕೇಳಿದ್ದು,” ಅಂದಳು. ಫಾರಂ ಮಡಿಸಿ ಚೀಲಕ್ಕೆ ಹಾಕಿಕೊಂಡು, ಜಯಾಳ ಮಗ್ಗುಲು ಬದಲಿಸಲು ಎದ್ದು ಹೋದಳು.

ಮಗಳ ಹೆಸರನ್ನು ಯಾಕೆ ಎಳೆದೆ? ತನ್ನ ಮಟ್ಟಿಗಾದರೆ ಅವಳು ಧೈರ್ಯ ಮಾಡಿಬಿಡುತ್ತಿದ್ದಳು. ಮಗಳೆಂದರೆ ಮಾಡುವುದಿಲ್ಲ—ಅದೂ ನನಗೆ ಗೊತ್ತಿತ್ತು.

ಎಲ್ಲ ಜಯಾಳಿಗಾಗಿ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ರೇಣುಕಾ ಹೋದರೆ ಇವಳನ್ನು ಯಾವುದೋ ಕೇರ್ ಹೋಮಿಗೆ ಸೇರಿಸಬೇಕು, ಅಲ್ಲಿ ನೀರು ಬೇಕೆಂದರೆ ತಿಳಿಯುವವರೂ ಇರುವುದಿಲ್ಲ ಎಂದು. ಆದರೆ ಜಯಾ ಪಕ್ಕದ ಕೋಣೆಯಲ್ಲೇ ಇದ್ದಳು, ಬಾಗಿಲು ತೆರೆದಿತ್ತು. ಅವಳ ಮಾತು ಬಹುಪಾಲು ಹೋಗಿತ್ತು, ಕಿವಿ ಹೋಗಿರಲಿಲ್ಲ. ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ, ರೇಣುಕಾ ಇಲ್ಲದ ಹೊತ್ತು ನೋಡಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೇಳಿದಳು:

“ಅವಳು... ಓದ್ಲಿ.”

ನಾನು ದಿಂಬು ಸರಿಮಾಡಿ ಎದ್ದು ಬಂದೆ. ಹಾಗಾದರೆ ಇನ್ನು ಯಾರಿಗಾಗಿ ಮಾಡಿದೆ? ನನಗಾಗಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜಯಾಳ ಮುಂದೆ ಕೂರುವ ಅಂಜಿಕೆಗಾಗಿ. ರೇಣುಕಾ ಮಾಡಿಡುತ್ತಿದ್ದ ಬಿಸಿಯಾದ ಸಾರಿಗಾಗಿ—ಅದೂ ಸುಳ್ಳಲ್ಲ.

ಜಯಾ ಇನ್ನೂ ಮೂರು ವರ್ಷ ಬದುಕಿದ್ದಳು. ಅಷ್ಟರಲ್ಲಿ ರೇಣುಕಾಳಿಗೆ ಪಾಸ್‌ಪೋರ್ಟ್ ಬಂತು. ಮಗಳ ಅರ್ಜಿಗೆ ದುಡ್ಡು ಸಾಲದೆ ಅದನ್ನು ಮುಂದಕ್ಕೆ ಹಾಕಿದಳು. ಈಗಲಾದರೂ ಓದಬಹುದಲ್ಲ ಎಂದು ನಾನು ಒಮ್ಮೆ ಕೇಳಿದೆ, ಏನೂ ಅರಿಯದವನ ಹಾಗೆ. ಇನ್ನೇನು ಓದು, ಮೇಘನಾ ಓದಿದರೆ ಸಾಕು ಎಂದಳು. ಈಗ ಒಂದು ಕೇರ್ ಹೋಮಿನಲ್ಲಿ ವೃದ್ಧರನ್ನು ಎತ್ತಿ ಕೂರಿಸುವ ಕೆಲಸ. ನಲವತ್ತೆರಡಕ್ಕೇ ಸೊಂಟ ಹಿಡಿದಿದೆ. ಹೊಸದಾಗಿ ಬರುವ ನರ್ಸ್‌ಗಳಿಗೆ, ನೋಯದ ಹಾಗೆ ಮಗ್ಗುಲು ಬದಲಿಸುವುದನ್ನು ಇವಳೇ ತೋರಿಸಿಕೊಡುತ್ತಾಳಂತೆ. ಔಷಧದ ಬೀರುವಿನ ಕೀಲಿ ಮಾತ್ರ ಇವಳು ಮುಟ್ಟುವಂತಿಲ್ಲ.

ಹೋದ ತಿಂಗಳು ಒಂದು ಭಾನುವಾರ ತಾಯಿ ಮಗಳು ಇಬ್ಬರೂ ಬಂದರು. ಮೇಘನಾಳಿಗೆ ಈಗ ಹದಿನೇಳು, ಕಾಲೇಜಿಗೆ ಸೇರಿದ್ದಾಳೆ. ಅವಳಿಗೂ ಬರ್ಸರಿಯ ಫಾರಂ ಕೊಟ್ಟಿದ್ದರು. ಅವಳ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲವೆಂದು ತಾಯಿ ಸಹಿ ಹಾಕಿರಲಿಲ್ಲ. ಹುಡುಗಿ ಶನಿವಾರ, ಭಾನುವಾರ ಅಂಗಡಿಯಲ್ಲಿ ನಿಂತು ಬಸ್ಸಿನ ದುಡ್ಡು ಗಳಿಸಿಕೊಂಡು, ಸೋಮವಾರ ಕ್ಲಾಸಿನಲ್ಲಿ ತೂಕಡಿಸುತ್ತಿದ್ದಳಂತೆ. ಅವತ್ತು ಮಾತ್ರ ತಾಯಿ ರಜ ಹಾಕಿಸಿ ಕರೆತಂದಿದ್ದಳು.

“ನೀವಾ ಹೇಳ್ರಿ ಕಾಕಾ ಈಕಿಗೆ,” ಅಂದಳು ರೇಣುಕಾ. “ನನ್ನ ಮಾತು ಕೇಳಂಗಿಲ್ಲ. ನೀವು ಅವತ್ತು ತಡೀದಿದ್ರ ನನ್ನ ಪಾಸ್‌ಪೋರ್ಟ್ ಬರ್ತಿರ್ಲಿಲ್ಲ ಅಂತ ಹೇಳ್ರಿ.”

ಎಂಟು ವರ್ಷದಿಂದ ಅವಳು ಇದಕ್ಕಾಗಿ ನನಗೆ ಋಣಿಯಾಗಿದ್ದಾಳೆ! ನನಗೆ ಗೊತ್ತೇ ಇರಲಿಲ್ಲ. ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೊರಗೆ ಬಂದದ್ದು—

“ಈಗ ರೂಲ್ಸ್ ಬದಲಾಗಿದೆ ರೇಣುಕಾ. ಅವಳು ತೊಗೋಬಹುದು. ಸಹಿ ಹಾಕು.”

“ವೆನ್ ಡಿಡ್ ಇಟ್ ಚೇಂಜ್, ತಾತ?” ಎಂದು ಮೇಘನಾ ಕೇಳಿದಳು. ಈಚೆಗೆ ಅಂದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ರೇಣುಕಾ ನನ್ನ ಟೇಬಲ್ಲಿನ ಮೇಲೇ ಸಹಿ ಹಾಕಿದಳು. “ಇರ್ಲಿ ಬಿಡವಾ, ನಿನಗರ ಸಿಕ್ತಲ್ಲ,” ಅಂದಳು ಮಗಳಿಗೆ. “ನನ್ನ ನಸೀಬಿನ್ಯಾಗ ಇರ್ಲಿಲ್ಲ.” ಹೋಗುವ ಮುಂಚೆ, ಬೇಡವೆಂದರೂ ಕೇಳದೆ, ನನ್ನ ಎಂಜಲು ಲೋಟವನ್ನೂ ತೊಳೆದಿಟ್ಟಳು.

ಅವಳು ತನ್ನ ಹಣೆಬರಹವನ್ನು ಬಯ್ದುಕೊಂಡು ಹೋದಳು. ಬಯ್ಸಿಕೊಳ್ಳಬೇಕಾದ ನಾನು ಇಲ್ಲಿ ಕುರ್ಚಿಯ ಮೇಲೆ ಕೂತಿದ್ದೆ.

ಬರುವ ಭಾನುವಾರ ನಾನು ಬರೆದ ಈ ಕಾಗದವನ್ನು ಅವಳ ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಮತ್ತೇನಾದರೂ ಸೇರಿಸಿಬಿಡುತ್ತೇನೆ. ನನ್ನ ಬಾಯಿ ಎಂಥದೆಂದು ನನಗೆ ಗೊತ್ತು. ಮಗಳೂ ಜೊತೆಗಿರಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ. ಓದಿ ಮುಗಿಸಿ ಎದ್ದು ಹೋದರೆ ಹೋಗಲಿ, ತಡೆಯುವುದಿಲ್ಲ.

ರೇಣುಕಾ, ರೂಲ್ಸ್ ಯಾವುದೂ ಬದಲಾಗಿಲ್ಲ. ನೀನು ಕೇಳಿದ ದಿನವೂ ಅದು ನಿನಗೆ ಸಿಗುತ್ತಿತ್ತು.