ಗುಂಗಿಹುಳದ ಪಾಳಿ

ದಾಂಡೇಲಿಯಲ್ಲಿ ಮೊದಲ ಮಳೆ ಬಿದ್ದ ಮರುದಿನದಿಂದ ನಮ್ಮ ಓಣಿಯ ಆರು ಮನೆಗಳೂ ಸಂಜೆ ಕತ್ತಲೆಯಲ್ಲಿ ಕೂರುತ್ತಿದ್ದವು. ಕರೆಂಟು ಇರಲಿಲ್ಲವೆಂದಲ್ಲ. ಅಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಿ, ನಮ್ಮ ಹಳ್ಳಿ ಪಾಳಾ ಬಿಟ್ಟು ಇಲ್ಲಿಯ ಬಂಗೂರನಗರಕ್ಕೆ ಬಂದ ಮೇಲೆಯೇ ನಾವು ಮನೆಯೊಳಗೆ ಬಲ್ಬು ಕಂಡದ್ದು. ಬಂದವರಿಗೆಲ್ಲ ಗುಂಡಿ ಒತ್ತಿ ತೋರಿಸಿ ಬೀಗುತ್ತಿದ್ದ ಅಪ್ಪ, ಜೂನ್ ಬಂದೊಡನೆ ಅದೇ ಗುಂಡಿಯನ್ನು ಯಾರೂ ಮುಟ್ಟದಂತೆ ಕಾವಲು ಕೂರುತ್ತಿದ್ದರು.

ಕಾರಣ ಗುಂಗಿಹುಳ. ಹುಣಸೆಬೀಜದ ಗಾತ್ರ, ಅದೇ ಬಣ್ಣ. ಸೂರ್ಯ ಮುಳುಗಿದ್ದೇ ತಡ, ಕಾಡಿನ ಕಡೆಯಿಂದ ಬಂದು ಬಲ್ಬಿಗೆ ಹಣೆ ಚಚ್ಚಿಕೊಂಡು ಅಂಗಾತ ಬಿದ್ದು ಒದ್ದಾಡುತ್ತಿದ್ದವು. ಬೀಳುವ ಜಾಗ ಸಾರಿನ ಪಾತ್ರೆಯಾಗಬಹುದು, ಅವ್ವನ ತುರುಬಾಗಬಹುದು. ಜೊತೆಗೆ ರೆಕ್ಕೆ ಬಂದ ಗೆದ್ದಲು ಬೇರೆ. ಅವು ಅನ್ನದ ಮೇಲೆ ರೆಕ್ಕೆ ಕಳಚಿಟ್ಟು ನಡೆದುಹೋಗುತ್ತಿದ್ದವು. ಹುಳಗಳ ಬಗ್ಗೆ ನನಗೆ ಇವತ್ತಿಗೂ ಕರುಣೆ ಇಲ್ಲ. ಸೃಷ್ಟಿಯ ಸೊಬಗನ್ನು ಹೊಗಳುವವರ ತಾಟಿನಲ್ಲಿ ಒಂದು ಗುಂಗಿಹುಳ ಬೀಳಲಿ, ಆಮೇಲೆ ಮಾತಾಡೋಣ.

ಮೊದಲ ವರ್ಷ ಯಾರೂ ದೀಪ ಹಚ್ಚದೆ, ಎದುರಿನವರು ಹಚ್ಚಲಿ ಎಂದು ಕಾಯುತ್ತ ಕೂತರು. ಮೊದಲು ಹಚ್ಚಿದವರ ಮನೆಗೇ ಹುಳವೆಲ್ಲ ನುಗ್ಗುತ್ತಿತ್ತು. ಇದರಿಂದ ಜಗಳವಾಗಿ, ಕೊನೆಗೆ ಓಣಿಯ ಹಿರಿಯರೊಬ್ಬರು ಮಿಲ್ಲಿನ ಪಾಳಿಯ ಹಾಗೆ ಹುಳಕ್ಕೂ ಪಾಳಿ ಹಾಕಿದರು. ದಿನಕ್ಕೊಂದು ಮನೆ ಬಾಗಿಲು ತೆರೆದು ದೀಪ ಉರಿಸಬೇಕು, ಕೆಳಗೆ ಬೋಗುಣಿಯಲ್ಲಿ ನೀರಿಟ್ಟು ಹುಳ ಹಿಡಿಯಬೇಕು. ಉಳಿದ ಐದು ಮನೆಯವರು ಅಡುಗೆಮನೆಯಲ್ಲಿ ಮಾತ್ರ ಸೀಮೆಎಣ್ಣೆಯ ಚಿಮಣಿ ಹಚ್ಚಿಕೊಂಡು ನೆಮ್ಮದಿಯಾಗಿ ಉಣ್ಣಬೇಕು. ಪಾಳಿ ತಪ್ಪಿಸಿದವರೊಂದಿಗೆ ನಲ್ಲಿಯ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ.

ಮೂರನೆಯ ವರ್ಷ ನಮ್ಮ ಪಾಳಿಯ ದಿನವೇ ಎದುರು ಮನೆಯ ನನ್ನ ಗೆಳತಿಯನ್ನು ನೋಡಲು ಹಳಿಯಾಳದಿಂದ ವರನ ಕಡೆಯವರು ಬರುವವರಿದ್ದರು. ಕಾಳುಕಡಿ ವ್ಯಾಪಾರದ ಮನೆತನ. ಅವಳಿಗೆ ಅದು ಮೂರನೆಯ ವರ. ಮೊದಲಿಬ್ಬರು ಉಪ್ಪಿಟ್ಟು ತಿಂದು ಹೋದವರು ಒಂದು ಕಾಗದವನ್ನೂ ಹಾಕಿರಲಿಲ್ಲ. ಇದೂ ತಪ್ಪಿದರೆ ಮಗಳು ಮನೆಯಲ್ಲೇ ಉಳಿದಳು ಎಂದು ಅವಳ ಅವ್ವ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಿದ್ದಳು. ಬೆಳಿಗ್ಗೆ ನಾನೇ ಅವಳಿಗೆ ಸೀರೆ ಉಡಿಸಿ, ಮಲ್ಲಿಗೆ ಕಟ್ಟಿ ಮುಡಿಸಿದ್ದೆ. ಉಳಿದ ಮೊಳದುದ್ದದ ಮಾಲೆಯನ್ನು ಬಾಡಿದ್ದಕ್ಕೆ ಬದಲಾಗಲಿ ಎಂದು ನಮ್ಮ ಕಿಟಕಿಯಲ್ಲಿ ನೀರು ಚಿಮುಕಿಸಿ ಇಟ್ಟಿದ್ದೆ. ನನ್ನನ್ನು ನೋಡಲು ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ.

ಮಧ್ಯಾಹ್ನದ ಬಸ್ಸಿನಿಂದ ಅವರು ಇಳಿಯಲಿಲ್ಲ. ಸಂಜೆಯಾದರೂ ಸುದ್ದಿಯಿಲ್ಲ. ಅವಳ ಅಪ್ಪ ಬಸ್ ನಿಲ್ದಾಣ ಬಿಟ್ಟು ಬರಲಿಲ್ಲ. ಇನ್ನು ಇವತ್ತು ಬರಲಿಕ್ಕಿಲ್ಲ ಎಂದು ಓಣಿಯವರೆಲ್ಲ ತೀರ್ಮಾನಿಸಿ ಕತ್ತಲೆ ಮಾಡಿಕೊಂಡು ಒಳಗೆ ಸೇರಿದರು.

ಆಗ ಓಣಿಯ ತುದಿಯಲ್ಲಿ ಬಿದಿರಿನ ಲಾರಿಯೊಂದು ನಿಂತು ಹೋಯಿತು. ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು, ಒಬ್ಬ ಹೆಂಗಸು, ಒಬ್ಬ ತರುಣ ನಮ್ಮ ಬಾಗಿಲಲ್ಲಿ ನಿಂತಿದ್ದರು. ದೀಪವಿದ್ದ ಮನೆ ನಮ್ಮದೊಂದೇ.

"ಬರ್ರಿ, ಬರ್ರಿ, ಒಳಗ ಬರ್ರಿ" ಎಂದರು ಅಪ್ಪ. ನಮ್ಮ ಕಡೆ ಮನೆಗೆ ಬಂದವರನ್ನು ಯಾರು, ಯಾಕೆ ಬಂದಿರಿ ಎಂದು ಬಾಗಿಲಲ್ಲಿ ಕೇಳುವುದಿಲ್ಲ. ಕಾಲಿಗೆ ನೀರು, ಕುಡಿಯಲು ನೀರು, ಬೆಲ್ಲ, ಚಹಾ, ಇಷ್ಟೂ ಆದ ಮೇಲೆ ವಿಷಯ ತಾನಾಗಿ ಹೊರಗೆ ಬರಬೇಕು. ಅವ್ವ ಇವರನ್ನು ಅಪ್ಪನ ಕಡೆಯ ನೆಂಟರೆಂದುಕೊಂಡಳು. ಅಪ್ಪ ಇವರನ್ನು ಅವ್ವನ ತವರಿನವರೆಂದುಕೊಂಡು ಎರಡು ಪಟ್ಟು ಉಪಚಾರ ಮಾಡಿದರು. "ಊರಾಗ ಎಲ್ಲಾರೂ ಆರಾಮ ಅದಾರೇನ್ರಿ?" ಎಂದು ಕೇಳಿದರು. "ಆರಾಮ ಅದಾರ್ರಿ" ಎಂದು ಆ ಹಿರಿಯರು ಉತ್ತರಿಸಿದರು. ಯಾವ ಊರೆಂದು ಇಬ್ಬರೂ ಹೇಳಲಿಲ್ಲ.

ನಾನು ಹರಿದ ಅಂಚಿನ ಸೀರೆಯುಟ್ಟು, ಬೋಗುಣಿ ಹಿಡಿದು ಗೋಡೆಯಿಂದ ಹುಳ ಕೆರೆಯುತ್ತಿದ್ದೆ. ಆ ಹೆಂಗಸು ನನ್ನನ್ನು ಹತ್ತಿರ ಕರೆದು, "ಎಷ್ಟರತನಕ ಕಲ್ತೀ ಯವ್ವಾ? ರೊಟ್ಟಿ ಬಡಿಯಾಕ ಬರ್ತೈತೇನು?" ಎಂದಾಗ ನನಗೆ ಥಟ್ಟನೆ ತಿಳಿಯಿತು. ಇವರು ಎದುರು ಮನೆಗೆ ಬಂದವರು. ಹುಡುಗಿ ನಾನೇ ಎಂದುಕೊಂಡು, ನಾನು ಬೋಗುಣಿ ಹಿಡಿದದ್ದನ್ನು ನನ್ನ ಕೆಲಸದ ಅಚ್ಚುಕಟ್ಟೆಂದು ತಿಳಿದಿದ್ದರು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. "ಬರ್ತೈತ್ರಿ" ಎಂದೆ.

ಅಷ್ಟರಲ್ಲಿ ಒಂದು ಹುಳ ತರುಣನ ಕಾಲರಿನೊಳಗೆ ಇಳಿಯಿತು. ಅವನು ಬಾಯಿ ಬಿಡದೆ, ಕಣ್ಣು ದೊಡ್ಡದು ಮಾಡಿ, ಕುರ್ಚಿಯ ಮೇಲೆಯೇ ಸುರುಳಿ ಸುತ್ತತೊಡಗಿದ. ಹುಡುಗಿ ನೋಡಲು ಬಂದವನು ಅಂಗಿ ಬಿಚ್ಚುವಂತಿಲ್ಲ. ಆ ಹೆಂಗಸು ಮಗನ ಬೆನ್ನಿಗೆ ಒಂದು ಬಾರಿಸಿದಳು. ಹುಳ ಹೊರಗೆ ಹಾರಿ ಹಿರಿಯರ ಚಹಾದ ಬಟ್ಟಲಿಗೆ ಬೀಳುವಷ್ಟರಲ್ಲಿ ನಾನು ಗಾಳಿಯಲ್ಲೇ ಹಿಡಿದು ಬೋಗುಣಿಗೆ ಹಾಕಿದೆ. ಮೂರು ವರ್ಷದ ಅಭ್ಯಾಸ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

"ಕೈ ಭಾಳ ಚುರುಕ ಐತಿ" ಎಂದಳು ಆಕೆ. ತರುಣ ಮೊದಲ ಸಲ ನನ್ನ ಮುಖ ನೋಡಿದ. ಖುಷಿಯಾಯಿತು ನನಗೆ, ಸುಳ್ಳು ಯಾಕೆ ಹೇಳಲಿ. ಸೆರಗು ಸರಿ ಮಾಡಿಕೊಂಡೆ. ಇನ್ನೊಂದು ಬಟ್ಟಲು ಚಹಾ ತರುತ್ತೇನೆಂದು ಒಳಗೆ ಹೋಗಿ, ಬರುವಾಗ ಇನ್ನೊಮ್ಮೆ ಸರಿ ಮಾಡಿಕೊಂಡೆ. ಚಹಾ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಚಹಾ ಮುಗಿಯಿತು. ಆಕೆ ಕಿಟಕಿಯ ಕಡೆ ಕೈ ತೋರಿಸಿ, "ಹೂವು ಅಲ್ಲೇ ಇಟ್ಟೀಯಲ್ಲವಾ, ಮುಡಕೋ" ಎಂದಳು.

ಮಾಲೆ ಕೈಗೆ ತೆಗೆದುಕೊಂಡೆ. ಬೆಳಿಗ್ಗೆ ಮಲ್ಲಿಗೆ ಮುಡಿಸುವಾಗ ಗೆಳತಿ ನನಗೆ ಬೆನ್ನು ಮಾಡಿ ಕೂತಿದ್ದಳು, ಅವಳ ಕುತ್ತಿಗೆ ಬೆವೆತಿತ್ತು. ನನಗೆ ಮುಡಿಯಲಾಗಲಿಲ್ಲ.

"ಈ ಹೂವು ಎದುರು ಮನೀದ್ರಿ" ಎಂದೆ. "ನೀವು ನೋಡಬೇಕಾದ ಹುಡುಗೀನೂ ಅಲ್ಲೇ ಅದಾಳ್ರಿ."

ಅಪ್ಪ ಅವ್ವನ ಕಡೆ ತಿರುಗಿ, "ಅಂದ್ರ ಇವರು ನಿಮ್ಮವರಲ್ಲೇನು?" ಎಂದರು. "ನಿಮ್ಮವರಂತ ನಾ ತುಪ್ಪ ಬ್ಯಾರೆ ಕಾಯಿಸಾಕಹತ್ತೇನಿ" ಎಂದಳು ಅವ್ವ.

ಅಪ್ಪನೇ ಅವರನ್ನು ಎದುರು ಮನೆಗೆ ದಾಟಿಸಿದರು. ಅಲ್ಲಿ ದೀಪ ಹತ್ತಿದ್ದೇ, ನಮ್ಮ ಮನೆಯ ಹುಳದಲ್ಲಿ ಅರ್ಧ ಅವರ ಹಿಂದೆಯೇ ಹೋಯಿತು. ಬಸ್ ನಿಲ್ದಾಣದಿಂದ ತೊಯ್ದು ಬಂದ ಅವಳ ಅಪ್ಪ, ಒಳಗೆ ಯಾರಿದ್ದಾರೆಂದು ನೋಡದೆ, ಪಾಳಿ ಇಲ್ಲದ ದಿನ ದೀಪ ಹಚ್ಚಿದವರು ಯಾರೆಂದು ಬಾಗಿಲಿನಿಂದಲೇ ಗದರಿಕೊಂಡರಂತೆ. ಅಂತೂ ಎಂಟು ದಿನಕ್ಕೆ ಒಪ್ಪಿಗೆಯ ಕಾಗದ ಬಂತು.

ಎಷ್ಟೋ ವರ್ಷದ ಮೇಲೆ, ಮದುವೆಯಾಗಿ ನಾನು ಜೊಯಿಡಾದಲ್ಲಿದ್ದಾಗ, ಅವಳು ಗಂಡನೊಂದಿಗೆ ನಮ್ಮ ಮನೆಗೆ ಬಂದಿದ್ದಳು. ಅದೂ ಮೊದಲ ಮಳೆಯ ಕಾಲ. ಅವಳ ಗಂಡ ಅಂಗಿಯ ಕಾಲರಿಗೆ ಟವೆಲ್ಲು ಸುತ್ತಿಕೊಂಡು ಬಲ್ಬಿನಿಂದ ದೂರ ಕೂತಿದ್ದರು. ನಾವಿಬ್ಬರೂ ಕಟ್ಟೆಯ ಮೇಲೆ ಕತ್ತಲಲ್ಲಿ ಕೂತು ಹಳೆಯದನ್ನೆಲ್ಲ ನೆನೆದು ನಕ್ಕೆವು. ನನ್ನ ತಪ್ಪೊಂದನ್ನು ಬಿಟ್ಟು ಎಲ್ಲ ಹೇಳಿದೆ.

"ಕತ್ತಲದಾಗ ಕುಂತವರಿಗೆ ನಿಮ್ಮ ಮನಿ ಪೂರ್ತಿ ಕಾಣ್ತಿತ್ತು" ಎಂದಳು ಅವಳು. "ಯಾರೋ ನಿಮ್ಮ ಬೀಗರು ಅಂತ ಅವ್ವ ಒಳಗ ಹೋದಳು. ನಾ ಕಿಟಕ್ಯಾಗ ನಿಂತಿದ್ನಿ. ನೀ ಸೆರಗ ಸರಿ ಮಾಡ್ಕೊಂಡಿ ನೋಡು, ಅವಾಗ ತಿಳೀತು ನನಗ, ಬಂದವರು ಯಾರಂತ."

"ಮತ್ತ ಯಾಕ ಸುಮ್ಮನ ನಿಂತಿ? ಒಂದ ಕೂಗು ಹಾಕಬಾರದಾಗಿತ್ತೇನು?" ಎಂದೆ.

ಅವಳು ಮಡಿಲಿನಿಂದ ಒಂದು ಹುಳ ಹೆಕ್ಕಿ ಅಂಗಳಕ್ಕೆ ಎಸೆದಳು.

"ನೀ ಹೇಳ್ತೀಯೋ ಇಲ್ಲೋ ನೋಡೂಣು ಅಂತ ನಿಂತಿದ್ನಿ" ಎಂದಳು.