ಡೋಣಿಯ ಕಪ್ಪು, ಗಂಗವ್ವನ ಹುಣಸೆಹಣ್ಣು

ಮೊಮ್ಮಕ್ಕಳೇ, ಸೃಷ್ಟಿ, ಓಂಕಾರ, ಹಬ್ಬದ ಹೊತ್ತಿನಲ್ಲಿ ಮನೆಯವರಿಂದಲೇ ಒಂದು ಕಲ್ಲಿನ ಡೋಣಿಯನ್ನು, ಬರೀ ನೀರಿನ ತೊಟ್ಟಿಯನ್ನು, ಕಾಯಬೇಕಾದ ಅಜ್ಜಿಯನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಾಯ್ದೆ. ಗೋಣಿಚೀಲ ಹೊದಿಸಿ ಕಾಯ್ದೆ. ಆದರೂ ಉಳಿಯಲಿಲ್ಲ.

ಬ್ಯಾಡಗಿ ಮನೆಯ ಹಿತ್ತಲ ಡೋಣಿ ನಿಮಗೆ ಗೊತ್ತು. (ನೀವು ಕಾಗದದ ಹಡಗು ಬಿಟ್ಟದ್ದು ಅದರಲ್ಲೇ.) ಬೋರ್‌ವೆಲ್ ನೀರು ಬಿದ್ದು ಬಿದ್ದು ಅದರ ಒಳಗೆ ಕಪ್ಪು ಪದರ ಕಟ್ಟಿತ್ತು. ಹಾವೇರಿಯಲ್ಲಿ ಸಂಶೋಧನೆ ಮಾಡುವ ನಿಮ್ಮ ಸಹನಕ್ಕ ಅದನ್ನು ಕಂಡವಳೇ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು.

"ಅಜ್ಜಿ, ಇದು ಹೊಲಸಲ್ಲ, ಮ್ಯಾಂಗನೀಸ್. ಹಬ್ಬಕ್ಕ ಬಂದು ನಾನ ಕೆರಕೊಂಡು ಒಯ್ತೀನಿ. ಅಲ್ಲೀತನಕ ಯಾರೂ ಮುಟ್ಟಬಾರ್ದು."

ಯಾಕೆ ಬೇಕಂತೆ? ಮಣ್ಣು-ನೀರಿನಲ್ಲಿ ಸೆಲೆನಿಯಂ ಎಂಬುದೊಂದು ಇರುತ್ತದಂತೆ. ಚೂರು ಇದ್ದರೆ ಮೈಗೆ ಬೇಕು, ಹೆಚ್ಚಾದರೆ ವಿಷ. ಈ ಕಪ್ಪು ಅದನ್ನು ಆಕ್ಸಿಡೈಸ್ ಮಾಡಿ, ನೀರಿನೊಡನೆ ಸಲೀಸಾಗಿ ಹರಿಯುವ ರೂಪಕ್ಕೆ ತಿರುಗಿಸುತ್ತದೆ. ಸೆಲೆನಿಯಂನಲ್ಲಿ ಹಗುರದವು, ತುಸು ಭಾರದವು ಎಂದು ಐಸೋಟೋಪುಗಳಿವೆ. ರೂಪ ಬದಲಾಗುವಾಗ ಹಗುರದವು ಮುಂದಾಗುತ್ತವೆಯೇ? ಅಷ್ಟು ತಿಳಿದರೆ, ನೆಲದೊಳಗೆ ನೀರಿಗೆ ಏನಾಗಿದೆ ಎಂದು ಊಹಿಸಬಹುದಂತೆ.

"ಮೊರದಾಗ ಕೇರಿದಂಗ?" ಎಂದೆ.

"ಹಂಗ ಅಜ್ಜಿ. ಆದ್ರ ಇಲ್ಲಿ ಹೊಟ್ಟು ಹಾರತೈತೋ ಇಲ್ಲೋ ಅನ್ನೂದ ಗೊತ್ತಾಗಬೇಕು."

ಲ್ಯಾಬಿನಲ್ಲಿ ತಯಾರಿಸಿದ ಮ್ಯಾಂಗನೀಸಿನ ಮೇಲೆ ನೋಡಿಯಾಗಿತ್ತು. ನೀರು ತಾನೇ ಕಟ್ಟಿದ ಪದರದ ಮೇಲೆ ನೋಡುವುದು ಉಳಿದಿತ್ತು. ಅವಳ ಕೆಲಸವೆಲ್ಲ ಅದಕ್ಕೇ ನಿಂತಿತ್ತು.

ಅಷ್ಟರಲ್ಲಿ ನೀರು ತುಂಬುವ ಹಬ್ಬ ಬಂತು. ದೀಪಾವಳಿಗೆ ಮೊದಲು ಹಂಡೆ, ಕೊಡ, ಡೋಣಿ ಎಲ್ಲ ತಿಕ್ಕಿ ಹೊಸ ನೀರು ತುಂಬಬೇಕಲ್ಲ? ರಾಣೇಬೆನ್ನೂರಿನಿಂದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಗಂಗವ್ವ ಬಂದಳು. ಬಂದವಳು ಮೊದಲು ಎತ್ತಿದ್ದೇ ಗೋಣಿಚೀಲವನ್ನು.

"ಏನ ಯಕ್ಕಾ ಇದು? ಗಂಗಾ ತುಂಬೂ ಡೋಣಿಯೊಳಗ ಇಷ್ಟು ಕಿಟ್ಟ?"

"ಬಿಡವ್ವ ಅದನ್ನ. ಸಹನಾ ಮುಟ್ಟಬ್ಯಾಡ ಅಂದಾಳ."

"ಆಕಿ ಕೂಸು. ಹಬ್ಬ-ಹುಣ್ಣಿವಿ ಆಕಿಗೇನ ಗೊತ್ತು?"

ನನಗೋ ಸಣ್ಣಂದಿನಿಂದ ಎದುರುತ್ತರ ಕೊಟ್ಟು ರೂಢಿಯಿಲ್ಲ. ಐಸೋಟೋಪು ಎಂದು ಗಂಗವ್ವನ ಮುಂದೆ ಯಾವ ಬಾಯಿಂದ ಹೇಳಲಿ? ಒಲೆಯ ಮೇಲಿನ ಬೇಳೆ ಇಳಿಸಿ ಬರುವಷ್ಟರಲ್ಲಿ ಡೋಣಿಯಲ್ಲಿ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಎಲ್ಲ ಕುಣಿದಾಡಿ ಮುಗಿದಿತ್ತು.

"ನೋಡ ಯಕ್ಕಾ, ಈಗ ಮನಿಗೆ ಕಳಾ ಬಂತು."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಸಹನಾ ಬಾಟಲಿಗಳ ಚೀಲ ಹೊತ್ತು ಬಂದಳು. ಡೋಣಿಯನ್ನು ನೋಡಿದಳು. ಅದರ ಅಂಚಿನ ಮೇಲೆ ಕುಳಿತಳು.

"ಹುಣಸೀಹಣ್ಣ ಹಾಕೀರೇನು? ಹುಳಿ ಬಿದ್ರ ಅದು ಕರಗಿ ಹೋಗತೈತಿ."

"ಹೋಗ್ಲಿ ಅಂತನ ಹಾಕೂದಲ್ಲೇನ, ತಂಗಿ?" ಎಂದಳು ಗಂಗವ್ವ, ಸಂತೋಷದಿಂದ.

ಸಹನಾ ಎದ್ದು, ಡೋಣಿಗೆ ನೀರು ಬೀಳುವ ಪೈಪಿನ ಬಾಗನ್ನು ತಿರುಗಿಸಿ ಬಿಚ್ಚಿದಳು. ಯಾರ ಬೆರಳೂ ಹೋಗದ ಆ ತಿರುವಿನಲ್ಲಿ ಕಪ್ಪು ಉಳಿದಿತ್ತು. ಕೆರೆದರೆ ಒಂದು ಬಾಟಲಿಯ ತಳ ಮುಚ್ಚುವಷ್ಟು ಸಿಕ್ಕಿತು.

"ಒಂದ ಸಲ ಪರೀಕ್ಷಾ ಮಾಡಾಕ ಆಗತೈತಿ, ಅಜ್ಜಿ. ತಪ್ಪಿದ್ರ ಮತ್ತ ಮಾಡಾಕ ಇಲ್ಲ."

ನನ್ನ ಸಿಟ್ಟು ಈಗಲೂ ಇಳಿದಿಲ್ಲ. ಕಪ್ಪಗಿದ್ದದ್ದೆಲ್ಲ ಹೊಲಸು ಎಂದು ನಮಗೆ ಹೇಳಿದವರು ಯಾರು? ಹಂಡೆಯ ಹೊರಮೈ ಫಳಫಳ ಹೊಳೆಯಬೇಕು, ಅದಕ್ಕೆ ಬಳ್ಳಿ ಕಟ್ಟಬೇಕು, ಅರಿಶಿನ-ಕುಂಕುಮ ಹಚ್ಚಬೇಕು. ಒಳಗಿನ ನೀರಿನಲ್ಲಿ ಏನಿದೆ ಎಂದು ಕೇಳಿದ ಹುಡುಗಿ ಮಾತ್ರ ಕೂಸು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಗಂಗವ್ವಜ್ಜಿಯ ಕೈ ಹೋಗದ ಜಾಗ ನೋಡಿ ಇಡಿ.